ಅರ್ಥ್ ವೈರ್, ಚಾರ್ಜಿಂಗ್ ವೈರ್ ದಪ್ಪದ್ದು ಹಾಕಿಸಿದರೆ ಲಾಭ ಇದೆಯಾ?

ಓದುಗರ ಪ್ರಶ್ನೆ: ನನ್ನ ಟ್ರಕ್ಕಿನ ಬ್ಯಾಟರಿ ಹೊಸದು. ಆಲ್ಟರ್ನೇಟರ್ ಬಿಚ್ಚಿ ನೋಡಿದವರು ಚೆನ್ನಾಗಿದೆ ಅಂದರು. ಆದರೂ ಬೆಳಿಗ್ಗೆ ಸೆಲ್ಫ್ ನಿಧಾನವಾಗಿ ಎಳೆಯುತ್ತದೆ. ರಾತ್ರಿ ಲೈಟು, ಬ್ಲೋವರ್ ಎಲ್ಲ ಒಟ್ಟಿಗೆ ಹಾಕಿದರೆ ಹೆಡ್‌ಲೈಟ್ ಮಂಕಾಗುತ್ತದೆ. ಅರ್ಥ್ ವೈರ್, ಚಾರ್ಜಿಂಗ್ ವೈರ್ ಎರಡನ್ನೂ ದಪ್ಪದ್ದು ಹಾಕಿಸಿ, ಎಲ್ಲ ಸರಿಹೋಗುತ್ತದೆ ಅಂತ ಹೇಳುತ್ತಿದ್ದಾರೆ. ನಿಜವಾ?

ಉತ್ತರ: ಸರಿಹೋಗಬಹುದು. ಆದರೆ ವೈರ್ ಕೊಳ್ಳುವ ಮೊದಲು ಮಲ್ಟಿಮೀಟರ್ ಹಿಡಿದು ಹತ್ತು ನಿಮಿಷ ಅಳೆದು ನೋಡಿ. ಎಷ್ಟೋ ಗಾಡಿಗಳಲ್ಲಿ ಹಳೇ ವೈರ್ ಸಾಕಷ್ಟು ದಪ್ಪವೇ ಇರುತ್ತದೆ, ಅದರ ತುದಿ ಕೂತ ಜಾಗ ಮಾತ್ರ ತುಕ್ಕು ಹಿಡಿದಿರುತ್ತದೆ. ಅದೇ ತುಕ್ಕಿನ ಮೇಲೆ ಹೊಸ ದಪ್ಪ ವೈರ್ ಕೂರಿಸಿದರೆ ದುಡ್ಡು ಹೋಯಿತು ಅಷ್ಟೇ.

ಮೊದಲು ಕರೆಂಟ್ ಎಲ್ಲೆಲ್ಲಿ ಓಡಾಡುತ್ತದೆ ನೋಡೋಣ. ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವುದು ಆಲ್ಟರ್ನೇಟರ್, ಅದನ್ನು ಬ್ಯಾಟರಿಗೆ ಮುಟ್ಟಿಸುವುದು ಚಾರ್ಜಿಂಗ್ ವೈರ್. ಬ್ಯಾಟರಿಯ ಪ್ಲಸ್‌ನಿಂದ ಹೊರಟ ಕರೆಂಟ್ ಸೆಲ್ಫ್ ಮೋಟಾರಿಗೋ ಲೈಟಿಗೋ ಹೋಗಿ, ಮತ್ತೆ ಬ್ಯಾಟರಿಯ ಮೈನಸ್‌ಗೆ ವಾಪಸ್ ಬರಲೇಬೇಕು. ವಾಪಸ್ ಬರುವ ದಾರಿಗೆ ಬೇರೆ ವೈರ್ ಎಳೆಯುವ ಬದಲು ಹೆಚ್ಚಿನ ಗಾಡಿಗಳಲ್ಲಿ ಚಾಸಿಯನ್ನೇ ಬಳಸುತ್ತಾರೆ. ಅದೇ ಅರ್ಥ್. ಹೋದಷ್ಟು ಕರೆಂಟೂ ವಾಪಸ್ ಬರುತ್ತದೆ. ಸೆಲ್ಫ್ 300 ಆಂಪ್ ಎಳೆದರೆ ಅರ್ಥ್ ದಾರಿಯಲ್ಲೂ 300 ಆಂಪ್ ಹರಿಯುತ್ತದೆ. ಜನ ಕೆಂಪು ವೈರಿಗೆ ಕೊಡುವ ಮರ್ಯಾದೆ ಕಪ್ಪು ವೈರಿಗೆ ಕೊಡುವುದಿಲ್ಲ, ತೊಂದರೆ ಅಲ್ಲೇ ಶುರುವಾಗುವುದು.

ಇನ್ನೊಂದು ವಿಷಯ. ಎಂಜಿನ್ ಕೂತಿರುವುದು ರಬ್ಬರ್ ಮೌಂಟ್ ಮೇಲೆ. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಸೆಲ್ಫ್ ಮೋಟಾರು, ಆಲ್ಟರ್ನೇಟರು ಎರಡೂ ಬಿಗಿದಿರುವುದು ಎಂಜಿನ್ ಮೈಗೆ. ಹಾಗಾಗಿ ಎಂಜಿನ್ನಿನಿಂದ ಚಾಸಿಗೆ ಒಂದು ಹೆಣೆದ ಪಟ್ಟಿಯೋ ಕೇಬಲ್ಲೋ ಹಾಕಿರುತ್ತಾರೆ. ಎಣ್ಣೆ, ಕೆಸರು, ಅಲುಗಾಟ ಎಲ್ಲ ತಿಂದು ಮೊದಲು ಸಾಯುವುದು ಅದೇ ಪಟ್ಟಿ. ಅದು ಕಿತ್ತುಹೋದರೆ ಕರೆಂಟ್ ಸುಮ್ನೆ ನಿಲ್ಲುವುದಿಲ್ಲ, ಬೇರೆ ದಾರಿ ಹುಡುಕುತ್ತದೆ: ಆಕ್ಸಿಲರೇಟರ್ ಕೇಬಲ್, ಗೇರ್ ಕೇಬಲ್, ಕೊನೆಗೆ ಬೇರಿಂಗ್‌ಗಳ ಮೂಲಕವೂ ಹರಿಯುತ್ತದೆ. ಸೆಲ್ಫ್ ಹೊಡೆದಾಗ ಆಕ್ಸಿಲರೇಟರ್ ಕೇಬಲ್ ಮುಟ್ಟಿದರೆ ಬಿಸಿ ಅನ್ನಿಸಿತಾ? ಬೇರೆ ಏನೂ ನೋಡಬೇಡಿ, ಆ ಪಟ್ಟಿಯನ್ನು ಹುಡುಕಿ.

ಈಗ ಸ್ವಲ್ಪ ಲೆಕ್ಕ. 16 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ 2 ಮೀಟರ್ ಇದ್ದರೆ ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಸುಮಾರು 2.1 ಮಿಲಿಓಮ್. 100 ಆಂಪ್ ಹರಿದರೆ ಸುಮಾರು 0.21 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಅದೇ ಉದ್ದಕ್ಕೆ 35 ಸ್ಕ್ವೇರ್ ಎಂಎಂ ಹಾಕಿದರೆ ಸುಮಾರು 0.1 ವೋಲ್ಟ್, 50 ಹಾಕಿದರೆ 0.07. ಹದಿನಾರರಿಂದ ಮೂವತ್ತೈದಕ್ಕೆ ಹೋದರೆ ಲಾಭ ಇದೆ. ಅಲ್ಲಿಂದ ಮುಂದೆ ಸಿಗುವುದು 0.03 ವೋಲ್ಟ್ ಮಾತ್ರ. ಅಷ್ಟಕ್ಕಾಗಿ ಬಗ್ಗದ ಕೇಬಲ್ ಜೊತೆ ಗುದ್ದಾಡುವುದು ಯಾಕೆ?

ಇನ್ನು ಒಂದು ಕೆಟ್ಟ ಜಾಯಿಂಟ್ ತಗೊಳ್ಳಿ, ತುಕ್ಕು ಹಿಡಿದು 10 ಮಿಲಿಓಮ್ ಆಗಿದೆ ಅಂದುಕೊಳ್ಳಿ. ಅದೇ 100 ಆಂಪ್‌ಗೆ ಪೂರ್ತಿ 1 ವೋಲ್ಟ್ ಹೋಯಿತು. ಜೊತೆಗೆ 100 ವ್ಯಾಟ್ ಶಾಖ, ಒಂದೇ ಒಂದು ಬೋಲ್ಟಿನ ತಲೆಯಲ್ಲಿ. ಹಳೇ ಕಾಲದ ನೂರು ಕ್ಯಾಂಡಲ್ ಬಲ್ಬನ್ನು ಬರಿಗೈಯಲ್ಲಿ ಮುಟ್ಟಿದವರಿಗೆ ಅದು ಎಂಥ ಬಿಸಿ ಅಂತ ಗೊತ್ತು.

ಈ 1 ವೋಲ್ಟ್ ಬ್ಯಾಟರಿಗೆ ಹೇಗೆ ಹೊಡೆತ ಕೊಡುತ್ತದೆ ನೋಡಿ. ಬಹಳಷ್ಟು ಆಲ್ಟರ್ನೇಟರುಗಳ ರೆಗ್ಯುಲೇಟರ್ (ವೋಲ್ಟೇಜನ್ನು ಹತೋಟಿಯಲ್ಲಿಡುವ ಭಾಗ) ವೋಲ್ಟೇಜ್ ನೋಡುವುದು ತನ್ನ ಹತ್ತಿರವೇ, ಬ್ಯಾಟರಿ ಹತ್ತಿರ ಅಲ್ಲ. ತನ್ನ ಬಳಿ 14.2 ಇದ್ದರೆ ಕೆಲಸ ಆಯಿತು ಅಂದುಕೊಳ್ಳುತ್ತದೆ. ದಾರಿಯಲ್ಲಿ 1 ವೋಲ್ಟ್ ಕಳೆದು ಬ್ಯಾಟರಿಗೆ ಮುಟ್ಟುವುದು 13.2. ಅಷ್ಟರಲ್ಲಿ ಲೆಡ್ ಆಸಿಡ್ ಬ್ಯಾಟರಿ ಸರಿಯಾಗಿ ತುಂಬುವುದಿಲ್ಲ. ದಿನವೂ ಅರೆಹೊಟ್ಟೆಯಲ್ಲಿದ್ದರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಹೊಸ ಬ್ಯಾಟರಿಯೂ ಬೇಗ ಹೋಗುತ್ತದೆ. ಕೆಲವು ಆಲ್ಟರ್ನೇಟರುಗಳಿಗೆ ಬ್ಯಾಟರಿಯಿಂದಲೇ ವೋಲ್ಟೇಜ್ ನೋಡುವ ಸಣ್ಣ ಸೆನ್ಸ್ ವೈರ್ ಇರುತ್ತದೆ. ಅಂಥವು ಈ ನಷ್ಟವನ್ನು ತಾವೇ ಸ್ವಲ್ಪ ತುಂಬಿಕೊಡುತ್ತವೆ.

ಅಳೆಯುವುದು ಹೇಗೆ?

ಮೀಟರನ್ನು ಓಮ್ ಮೋಡ್‌ನಲ್ಲಿಟ್ಟು (ರೆಸಿಸ್ಟೆನ್ಸ್ ಅಳೆಯುವ ಮೋಡ್) ವೈರ್ ಪರೀಕ್ಷೆ ಮಾಡಬೇಡಿ. ನೂರಾರು ಎಳೆಗಳಲ್ಲಿ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ ಬೀಪ್ ಅನ್ನುತ್ತದೆ, ಸೊನ್ನೆ ತೋರಿಸುತ್ತದೆ. ಮೀಟರ್ ಕಳಿಸುವ ಕರೆಂಟ್ ಅಷ್ಟು ಕಡಿಮೆ. ಆ ಒಂದು ಎಳೆ 300 ಆಂಪ್ ಹೊರುತ್ತದಾ? ವೈರಿನ ಬಣ್ಣ ಬಯಲಾಗುವುದು ಅದರ ಮೇಲೆ ಭಾರ ಬಿದ್ದಾಗಲೇ. ಅದಕ್ಕೆ ಡಿಸಿ ವೋಲ್ಟ್ ಮೋಡ್‌ನಲ್ಲಿಟ್ಟು, ಕರೆಂಟ್ ಹರಿಯುತ್ತಿರುವಾಗಲೇ ವೈರಿನ ಈ ತುದಿಗೂ ಆ ತುದಿಗೂ ಮಧ್ಯೆ ಎಷ್ಟು ವೋಲ್ಟ್ ಇದೆ ಅಂತ ಅಳೆಯಬೇಕು. ಇದೇ ವೋಲ್ಟೇಜ್ ಡ್ರಾಪ್ ಟೆಸ್ಟ್.

ಎಂಜಿನ್ ಓಡಿಸಿ, ಐಡಲ್‌ಗಿಂತ ಜಾಸ್ತಿ ವೇಗದಲ್ಲಿ ಹಿಡಿದಿಡಲು ಒಬ್ಬರನ್ನು ಕೂರಿಸಿ. ಹೈ ಬೀಮ್, ಬ್ಲೋವರ್ ಎಲ್ಲ ಆನ್ ಇರಲಿ. ಮೀಟರಿನ ಒಂದು ಪ್ರೋಬ್ ಆಲ್ಟರ್ನೇಟರಿನ ಬಿ ಪ್ಲಸ್ ಬೋಲ್ಟ್ (ಚಾರ್ಜಿಂಗ್ ವೈರ್ ಶುರುವಾಗುವ ಬೋಲ್ಟ್) ಮೇಲೆ, ಇನ್ನೊಂದು ಬ್ಯಾಟರಿಯ ಪ್ಲಸ್ ಕಂಬದ ಮೇಲೆ. 12 ವೋಲ್ಟ್ ಗಾಡಿಯಲ್ಲಿ 0.2 ಒಳಗಿದ್ದರೆ ಚಾರ್ಜಿಂಗ್ ವೈರ್ ಚೆನ್ನಾಗಿದೆ. 0.5 ದಾಟಿದರೆ ತೊಂದರೆ ಖಂಡಿತ. ಆಮೇಲೆ ಒಂದು ಪ್ರೋಬ್ ಆಲ್ಟರ್ನೇಟರಿನ ಮೈಗೆ, ಇನ್ನೊಂದು ಬ್ಯಾಟರಿಯ ಮೈನಸ್‌ಗೆ ಇಡಿ. ಅಲ್ಲಿ 0.1 ಸುತ್ತಮುತ್ತ ಇರಬೇಕು, 0.2 ದಾಟಬಾರದು. ಬೆಲ್ಟ್, ಫ್ಯಾನ್ ಹತ್ತಿರ ತೋಳು, ಟವೆಲ್ಲು ಹೋಗದ ಹಾಗೆ ನೋಡಿಕೊಳ್ಳಿ.

ಮೂರನೆಯದು ಸೆಲ್ಫ್ ಹೊಡೆಯುವಾಗ. ಗಾಡಿ ನ್ಯೂಟ್ರಲ್‌ನಲ್ಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ. ಬ್ಯಾಟರಿ ಮೈನಸ್‌ಗೂ ಎಂಜಿನ್ ಬ್ಲಾಕಿನ ಬಣ್ಣವಿಲ್ಲದ ಜಾಗಕ್ಕೂ ಪ್ರೋಬ್ ಇಟ್ಟು ಒಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. 0.2 ಒಳಗಿದ್ದರೆ ಚಿಂತೆ ಇಲ್ಲ. ನಿಮ್ಮ ಬೆಳಗಿನ ತೊಂದರೆಗೆ ಉತ್ತರ ಇಲ್ಲೇ ಸಿಗುವ ಸಾಧ್ಯತೆ ಜಾಸ್ತಿ.

ಅಂಕಿ ಜಾಸ್ತಿ ಬಂತು ಅನ್ನಿ. ತಕ್ಷಣ ವೈರ್ ಬದಲಾಯಿಸಲು ಹೊರಡಬೇಡಿ. ಎಂಜಿನ್ ಕಡೆಯ ಪ್ರೋಬನ್ನು ಒಂದೊಂದೇ ಹೆಜ್ಜೆ ಬ್ಯಾಟರಿ ಕಡೆಗೆ ತನ್ನಿ: ಎಂಜಿನ್ನು, ಪಟ್ಟಿಯ ತುದಿ, ಚಾಸಿಯ ಬೋಲ್ಟು, ಕೇಬಲ್ಲಿನ ಲಗ್ (ತುದಿಗೆ ಹಾಕುವ ಲೋಹದ ಉಂಗುರ), ಬ್ಯಾಟರಿಯ ಕ್ಲ್ಯಾಂಪ್. ಪ್ರತಿ ಜಾಗದಲ್ಲೂ ಒಮ್ಮೆ ಸೆಲ್ಫ್ ಹೊಡೆಸಿ ನೋಡಿ. ಅಂಕಿ ಎಲ್ಲಿ ದಢಕ್ಕನೆ ಇಳಿಯುತ್ತದೋ ಅಲ್ಲೇ ಕಳ್ಳ ಇದ್ದಾನೆ. ಎಷ್ಟೋ ಸಲ ಅದು ಕೊನೆಯ ಹೆಜ್ಜೆಯಲ್ಲಿ ಸಿಗುತ್ತದೆ: ಒಂದು ಪ್ರೋಬಿನ ಮೊನೆ ಬ್ಯಾಟರಿಯ ಸೀಸದ ಕಂಬದ ನಡುವೆ, ಇನ್ನೊಂದು ಆ ಕಂಬವನ್ನೇ ಹಿಡಿದಿರುವ ಕ್ಲ್ಯಾಂಪಿನ ಮೇಲೆ, ಮಧ್ಯೆ ಒಂದು ಕೂದಲೆಳೆಯ ಅಂತರ. ಮೀಟರ್ ಮಾತ್ರ 0.4 ತೋರಿಸುತ್ತದೆ. ಅಲ್ಲಿ ಬೇಕಿರುವುದು ಉಪ್ಪು ಕಾಗದದ ಒಂದು ತುಂಡು.

ಲಗ್ ಪಕ್ಕದ ಇನ್ಸುಲೇಷನ್ ಬೆರಳಲ್ಲಿ ಒತ್ತಿ ನೋಡಿ. ಉಬ್ಬಿ ಗಟ್ಟಿಯಾಗಿದ್ದರೆ ಅಥವಾ ಒಳಗೆ ಕರಕರ ಅಂದರೆ ಬ್ಲೇಡಿನಿಂದ ಸೀಳಿ. ಎಳೆಗಳು ಕಪ್ಪಾಗಿ, ಮಧ್ಯೆ ಹಸಿರು ಪುಡಿ ಕಂಡರೆ ಆ ಕೇಬಲ್ ಮುಗಿದ ಹಾಗೆ. ಆಸಿಡ್ಡೋ ನೀರೋ ಒಳಗೆ ಸೇರಿ ಎಳೆಗಳ ಉದ್ದಕ್ಕೂ ಏರಿರುತ್ತದೆ. ತುದಿ ಕತ್ತರಿಸಿ ಹೊಸ ಲಗ್ ಹಾಕಿದರೆ ಸ್ವಲ್ಪ ದಿನ ನಡೆಯುತ್ತದೆ, ಅಷ್ಟೇ.

ಬದಲಾಯಿಸುವುದಾದರೆ

ದೊಡ್ಡ ಆಲ್ಟರ್ನೇಟರ್ ಹಾಕಿಸಿದ್ದೀರಿ, ವಿಂಚ್ ಇದೆ, ಇನ್ವರ್ಟರ್ ಇದೆ ಅಥವಾ ಜಾಯಿಂಟ್ ಎಲ್ಲ ತೊಳೆದ ಮೇಲೂ ಅಂಕಿ ಇಳಿದಿಲ್ಲ ಅಂದರೆ ದಪ್ಪ ವೈರಿಗೆ ಅರ್ಥವಿದೆ. ಹಾಕಬೇಕಾದ್ದು ಮೂರು: ಆಲ್ಟರ್ನೇಟರ್ ಬಿ ಪ್ಲಸ್‌ನಿಂದ ಬ್ಯಾಟರಿ ಪ್ಲಸ್‌ಗೆ, ಬ್ಯಾಟರಿ ಮೈನಸ್‌ನಿಂದ ಚಾಸಿಗೆ, ಎಂಜಿನ್ ಬ್ಲಾಕಿನಿಂದ ಚಾಸಿಗೆ. ಹಳೇ ವೈರುಗಳು ಚೆನ್ನಾಗಿದ್ದರೆ ಕೀಳಬೇಡಿ, ಅವುಗಳ ಜೊತೆಗೇ ಹೊಸದನ್ನು ಸೇರಿಸಿ. ಒಂದನ್ನೇ ಮಾಡುವಷ್ಟು ಸಮಯ ಇದ್ದರೆ ಎಂಜಿನ್ ಅರ್ಥ್ ಮೊದಲು ಮಾಡಿ ಅನ್ನುವುದು ನನ್ನ ಸಲಹೆ. ಅದು ಸೆಲ್ಫಿಗೂ ಬೇಕು, ಚಾರ್ಜಿಂಗಿಗೂ ಬೇಕು.

ಕೇಬಲ್ ಶುದ್ಧ ತಾಮ್ರದ್ದೇ ಇರಲಿ. ತಾಮ್ರ ಲೇಪಿಸಿದ ಅಲ್ಯುಮಿನಿಯಂ ಕೇಬಲ್ಲೂ ನೋಡಲು ಹಾಗೇ ಇರುತ್ತದೆ, ದಪ್ಪಗೂ ಇರುತ್ತದೆ, ಆದರೆ ಕರೆಂಟ್ ಒಯ್ಯುವ ಶಕ್ತಿ ತಾಮ್ರದ ಸುಮಾರು ಮೂರನೇ ಎರಡರಷ್ಟು. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ಅಲ್ಯುಮಿನಿಯಂ. ತವರ ಬಳಿದ ತಾಮ್ರ ಹೊರಗೆ ಬೆಳ್ಳಗಿದ್ದು ಒಳಗೆ ಕೆಂಪಗಿರುತ್ತದೆ, ಅದು ಒಳ್ಳೆಯದೇ. ವೆಲ್ಡಿಂಗ್ ಕೇಬಲ್ ಚೆನ್ನಾಗಿ ಬಗ್ಗುತ್ತದೆ ಅಂತ ಬಹಳ ಜನ ಹಾಕುತ್ತಾರೆ. ಅದರ ಹೊದಿಕೆ ಎಣ್ಣೆ, ಬಿಸಿ ತಡೆಯುವಂಥದ್ದಾ ಅಂತ ಕೇಳಿಯೇ ತಗೊಳ್ಳಿ.

ಲಗ್ಗನ್ನು ಸುತ್ತಿಗೆಯಿಂದ ಚಚ್ಚಿ ಕೂರಿಸಬೇಡಿ. ಹೈಡ್ರಾಲಿಕ್ ಕ್ರಿಂಪಿಂಗ್ ಟೂಲ್ ಇರುವವರ ಹತ್ತಿರ ಒತ್ತಿಸಿ, ಮೇಲೆ ಅಂಟು ಇರುವ ಹೀಟ್ ಶ್ರಿಂಕ್ ಟ್ಯೂಬ್ ಎಳೆಯಿರಿ. ಬರೀ ಸೋಲ್ಡರ್ ಹಾಕಿದರೆ ಅದು ಮುಗಿಯುವ ಜಾಗದಲ್ಲಿ ಎಳೆಗಳು ಪೆಡಸಾಗಿ, ಅಲುಗಾಟಕ್ಕೆ ಅಲ್ಲೇ ಮುರಿಯುತ್ತವೆ.

ಚಾಸಿಯ ಮೇಲೆ ಲಗ್ಗಿನ ಅಗಲದಷ್ಟು ಜಾಗದ ಬಣ್ಣವನ್ನು ಲೋಹ ಹೊಳೆಯುವ ತನಕ ಕೆರೆಯಿರಿ. ಲಗ್ ನೇರವಾಗಿ ಆ ಲೋಹದ ಮೇಲೆ ಕೂರಬೇಕು, ಮಧ್ಯೆ ವಾಷರ್ ಬೇಡ, ವಾಷರ್ ಏನಿದ್ದರೂ ಲಗ್ಗಿನ ಮೇಲೆ. ಬಿಗಿ ಮಾಡಿದ ಮೇಲೆ ಹೊರಗಿನಿಂದ ಬಣ್ಣವೋ ಗ್ರೀಸೋ ಬಳಿದರೆ ನೀರು ಸೇರುವುದಿಲ್ಲ. ಆಲ್ಟರ್ನೇಟರಿನ ಬಿ ಪ್ಲಸ್ ಬೋಲ್ಟಿಗೆ ಮಾತ್ರ ಶಕ್ತಿ ಪ್ರದರ್ಶನ ಬೇಡ. ಅದು ಮುರಿದರೆ ಆಲ್ಟರ್ನೇಟರನ್ನೇ ಬಿಚ್ಚಬೇಕಾಗುತ್ತದೆ.

ಫ್ಯೂಸ್ ಬಗ್ಗೆ ಯಾವ ರಾಜಿಯೂ ಬೇಡ. ಹೊಸ ಚಾರ್ಜಿಂಗ್ ವೈರ್ ಎಲ್ಲಾದರೂ ಉಜ್ಜಿ ಮೈಗೆ ತಗುಲಿದರೆ ಬ್ಯಾಟರಿ ತನ್ನ ಶಕ್ತಿಯನ್ನೆಲ್ಲ ಅಲ್ಲಿಗೆ ಸುರಿಯುತ್ತದೆ. ಎಂಜಿನ್ ನಿಂತಿದ್ದರೂ ಸರಿ, ವೈರ್ ಕೆಂಪಗಾಗಿ ಬೆಂಕಿ ಹತ್ತುತ್ತದೆ. ಆದ್ದರಿಂದ ಫ್ಯೂಸ್ ಬ್ಯಾಟರಿಯ ಪ್ಲಸ್‌ಗೆ ಎಷ್ಟು ಹತ್ತಿರ ಆಗುತ್ತದೋ ಅಷ್ಟು ಹತ್ತಿರ ಇರಬೇಕು. ಆಲ್ಟರ್ನೇಟರಿನ ಗರಿಷ್ಠ ಆಂಪ್‌ಗಿಂತ ಸ್ವಲ್ಪ ಜಾಸ್ತಿ, ಕೇಬಲ್ ತಡೆಯುವುದಕ್ಕಿಂತ ಕಡಿಮೆ. 100 ಆಂಪ್ ಆಲ್ಟರ್ನೇಟರಿಗೆ 125 ಅಥವಾ 150. ವೈರನ್ನು ಸೈಲೆನ್ಸರ್ ಪೈಪಿನಿಂದ ದೂರ ಒಯ್ದು, ತಗಡಿನ ತೂತಿನಲ್ಲಿ ಹಾಯುವ ಕಡೆ ರಬ್ಬರ್ ಗ್ರಾಮೆಟ್ ಹಾಕಿ. ಸೆಲ್ಫ್ ಹೊಡೆದಾಗ ಎಂಜಿನ್ ಓಲಾಡುತ್ತದೆ, ಅಷ್ಟು ಸಡಿಲ ಬಿಡಿ.

ಕೆಲಸ ಶುರು ಮಾಡುವಾಗ ಮೈನಸ್ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಗುಲಿದರೂ ಆಗ ಕಿಡಿ ಹಾರುವುದಿಲ್ಲ.

ಎಡವುವ ಜಾಗಗಳು

ಹೊಸ ಗಾಡಿಗಳಲ್ಲಿ ಬ್ಯಾಟರಿ ಮೈನಸ್ ಕ್ಲ್ಯಾಂಪಿಗೆ ಅಂಟಿಕೊಂಡಂತೆ ಒಂದು ಸಣ್ಣ ಕರೆಂಟ್ ಸೆನ್ಸರ್ ಇರುತ್ತದೆ. ಬ್ಯಾಟರಿಗೆ ಎಷ್ಟು ಹೋಯಿತು, ಎಷ್ಟು ಬಂತು ಅಂತ ಕಂಪ್ಯೂಟರ್ ಲೆಕ್ಕ ಇಡುವುದು ಅದರಿಂದಲೇ. ಹೊಸ ಅರ್ಥ್ ವೈರನ್ನು ನೇರ ಬ್ಯಾಟರಿ ಕಂಬಕ್ಕೆ ಬಿಗಿದರೆ ಕರೆಂಟ್ ಸೆನ್ಸರನ್ನು ತಪ್ಪಿಸಿ ಹೋಗುತ್ತದೆ, ಲೆಕ್ಕ ತಪ್ಪುತ್ತದೆ, ಚಾರ್ಜಿಂಗ್ ಇನ್ನಷ್ಟು ಹಾಳು. ಅಂಥ ಗಾಡಿಯಲ್ಲಿ ಸೆನ್ಸರ್ ದಾಟಿದ ಮೇಲೆ, ಚಾಸಿ ಕಡೆಗೆ ಜೋಡಿಸಬೇಕು.

ಟ್ರಕ್ಕುಗಳ ಕಟ್ ಆಫ್ ಸ್ವಿಚ್ಚಿನ ಕಥೆಯೂ ಇಷ್ಟೇ. ಸ್ವಿಚ್ ಮೈನಸ್ ಕಡೆ ಇದ್ದು, ನೀವು ಹೊಸ ವೈರನ್ನು ಬ್ಯಾಟರಿಯಿಂದ ನೇರ ಚಾಸಿಗೆ ಕೊಟ್ಟರೆ ಸ್ವಿಚ್ ಇದ್ದೂ ಇಲ್ಲದ ಹಾಗೆ. ತಿರುಗಿಸಿದರೂ ಕರೆಂಟ್ ನಿಲ್ಲುವುದಿಲ್ಲ. ಅದು ಗೊತ್ತಾಗುವುದು ಬೆಂಕಿ ಬಿದ್ದ ದಿನ.

24 ವೋಲ್ಟ್ ಗಾಡಿಯಲ್ಲಿ ಎರಡು ಬ್ಯಾಟರಿ ಸಾಲಾಗಿ ಸೇರಿರುತ್ತವೆ. ಅವೆರಡರ ಮಧ್ಯದ ಸಣ್ಣ ಕೇಬಲ್ಲೂ ಇದೇ ದಾರಿಯಲ್ಲಿದೆ, ಅದನ್ನೂ ಅಳೆಯಿರಿ. ಮಧ್ಯದಿಂದ 12 ವೋಲ್ಟ್ ಎಳೆದು ಸ್ಟೀರಿಯೋ ಹಾಕುವ ಚಾಳಿ ಬಿಡಿ. ಒಂದು ಬ್ಯಾಟರಿ ಯಾವಾಗಲೂ ಹಸಿದಿರುತ್ತದೆ, ಇನ್ನೊಂದು ಅತಿಯಾಗಿ ಚಾರ್ಜ್ ಆಗಿ ಕುದಿಯುತ್ತದೆ. 24 ವೋಲ್ಟನ್ನು 12 ಮಾಡಲು ಕನ್ವರ್ಟರ್ ಇದೆ ಅಲ್ವಾ.

ವೈರ್ ಬದಲಾಯಿಸಿದರೆ ಆಲ್ಟರ್ನೇಟರಿನ ತಾಕತ್ತು ಜಾಸ್ತಿ ಆಗುವುದಿಲ್ಲ. ಐಡಲ್‌ನಲ್ಲಿ ಅದು ತನ್ನ ಪೂರ್ತಿ ಆಂಪ್ ಕೊಡುವುದೇ ಇಲ್ಲ. ನಿಮ್ಮ ಹೆಡ್‌ಲೈಟ್ ಗಾಡಿ ನಿಂತಾಗ ಮಾತ್ರ ಮಂಕಾಗಿ, ಆಕ್ಸಿಲರೇಟರ್ ಒತ್ತಿದರೆ ಬೆಳಗುತ್ತಿದ್ದರೆ ಬೆಲ್ಟ್ ಬಿಗಿ ನೋಡಿ, ಲೋಡ್ ಜಾಸ್ತಿ ಆಯಿತಾ ಯೋಚಿಸಿ. ಓಡುವಾಗಲೂ ಮಂಕಾಗಿದ್ದರೆ ಹೆಡ್‌ಲೈಟಿನದೇ ಅರ್ಥ್ ವೈರ್ ಅಳೆಯಿರಿ, ಅದು ಬೇರೆಯೇ ಬೋಲ್ಟಿಗೆ ಹೋಗಿರುತ್ತದೆ. ಒಂದು ಇಂಡಿಕೇಟರ್ ಹಾಕಿದರೆ ಪಕ್ಕದ ಪಾರ್ಕಿಂಗ್ ಲೈಟೂ ಮಿಣುಕುತ್ತಿದೆಯಾ? ಹಾಗಾದರೆ ಮೊದಲು ನೋಡಬೇಕಾದ್ದು ಲೈಟುಗಳ ಆ ಅರ್ಥ್ ವೈರನ್ನೇ.

ಎಲ್ಲ ಮುಗಿದ ಮೇಲೆ ಅದೇ ಮೂರು ಜಾಗ ಮತ್ತೆ ಅಳೆದು, ಹಳೇ ಅಂಕಿಯ ಪಕ್ಕ ಬರೆದಿಡಿ. ಕೆಲವು ದಿನ ಓಡಿಸಿದ ಮೇಲೆ ಬೋಲ್ಟುಗಳಿಗೆ ಒಮ್ಮೆ ಸ್ಪ್ಯಾನರ್ ಹಾಕಿ ನೋಡಿ. ಹೊಸ ಲಗ್ ಕೂತುಕೊಳ್ಳುವಾಗ ಸ್ವಲ್ಪ ಸಡಿಲವಾಗುವುದುಂಟು.