ಹಸಿರು ಟ್ಯಾಗ್ ಕಟ್ಟಿದ ಮೇಲೆ: ಟ್ರಯಾಜ್ ಕುರಿತು ಒಂದು ಟಿಪ್ಪಣಿ

ಒಮ್ಮೆಲೇ ಬಂದ ಅನೇಕ ರೋಗಿಗಳಲ್ಲಿ ಯಾರಿಗೆ ಮೊದಲು ಚಿಕಿತ್ಸೆ ಎಂದು ವಿಂಗಡಿಸಿ, ಬಣ್ಣದ ಟ್ಯಾಗ್ ಕಟ್ಟುವುದೇ ಟ್ರಯಾಜ್. ಸಾಮೂಹಿಕ ಅವಘಡದ ಅಧ್ಯಾಯ ಬಂದರೆ ನಾವೆಲ್ಲ ಕೆಂಪು (ತಕ್ಷಣ ನೋಡಬೇಕಾದವರು), ಹಳದಿ (ಸ್ವಲ್ಪ ಕಾಯಬಹುದಾದವರು), ಹಸಿರು (ಸಣ್ಣ ಗಾಯದವರು), ಕಪ್ಪು (ತೀರಿಕೊಂಡವರು ಅಥವಾ ಉಳಿಯುವ ಭರವಸೆ ಇಲ್ಲದವರು) ಎಂದು ಬಾಯಿಪಾಠ ಮಾಡುತ್ತೇವೆ. ನಾನೂ ಹಾಗೇ ಓದಿದ್ದೆ. ಆಮೇಲೆ 2018ರಲ್ಲಿ ನಮ್ಮ ಕಡೆ ಇಪ್ಪತ್ತು ದಿನಗಳ ಅಂತರದಲ್ಲಿ ನಡೆದ ಎರಡು ದುರಂತಗಳನ್ನು ಪಕ್ಕದಲ್ಲಿಟ್ಟುಕೊಂಡು ಅದೇ ಪಾಠ ಓದಿದೆ. ಅರ್ಥವಾಗಿದ್ದು ಆಗಲೇ.

ಎಷ್ಟು ಜನರಾದರೆ ಸಾಮೂಹಿಕ ಅವಘಡ? ಇಂತಿಷ್ಟೇ ಎಂಬ ಸಂಖ್ಯೆ ಇಲ್ಲ. ಬಂದವರು ಇರುವ ಕೈಗಳನ್ನು ಮೀರಿದರೆ ಅದೇ. ಮೈಸೂರಿನ ದೊಡ್ಡಾಸ್ಪತ್ರೆ ನಿಭಾಯಿಸುವ ಹತ್ತು ಗಾಯಾಳುಗಳು ತಾಲ್ಲೂಕು ಆಸ್ಪತ್ರೆಯನ್ನು ಕಂಗೆಡಿಸಬಹುದು. ದಿನನಿತ್ಯದ ಕ್ಯಾಶುವಾಲ್ಟಿಯಲ್ಲಿ ಅತಿ ಗಂಭೀರವಾದವರ ಹಾಸಿಗೆ ಸುತ್ತ ಎಲ್ಲರೂ ಸೇರುತ್ತೇವೆ. ಇಲ್ಲಿ ಹಾಗೆ ಮಾಡಿದರೆ ಬದುಕಬಹುದಾದ ಇನ್ನಿಬ್ಬರು ಕಾಯುತ್ತಲೇ ಹೋಗುತ್ತಾರೆ.

ದೊಡ್ಡವರನ್ನು ಬೇಗ ವಿಂಗಡಿಸಲು ಬಳಸುವ ಸ್ಟಾರ್ಟ್ (START) ಎಂಬ ಟ್ರಯಾಜ್ ವಿಧಾನ 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಂಡದ್ದು. "ನಡೆಯೋಕೆ ಆಗೋರೆಲ್ಲ ಈ ಕಡೆ ಬನ್ನಿ" ಎಂದು ಕೂಗಿ, ಬಂದವರು ಹಸಿರು. ಉಳಿದವರಲ್ಲಿ ಉಸಿರಿಲ್ಲದವರ ಶ್ವಾಸದಾರಿ ತೆರೆಯಿರಿ: ಉಸಿರಾಡಿದರೆ ಕೆಂಪು, ಇಲ್ಲದಿದ್ದರೆ ಕಪ್ಪು. ನಿಮಿಷಕ್ಕೆ 30ಕ್ಕಿಂತ ಹೆಚ್ಚು ಉಸಿರು, ಮಣಿಕಟ್ಟಿನಲ್ಲಿ ನಾಡಿ ಸಿಗದಿರುವುದು, ಹೇಳಿದ ಮಾತು ಪಾಲಿಸಲಾಗದಿರುವುದು, ಇವುಗಳಲ್ಲಿ ಒಂದಿದ್ದರೂ ಕೆಂಪು. ಮಿಕ್ಕವರು ಹಳದಿ. ಈ ಹಂತದಲ್ಲಿ ಶ್ವಾಸದಾರಿ ತೆರೆಯುವುದು, ಸುರಿಯುವ ರಕ್ತ ಕಟ್ಟುವುದು, ಇವೆರಡೇ ಚಿಕಿತ್ಸೆ.

ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ಸೊಂದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿತ್ತು. 30 ಜನ ತೀರಿಕೊಂಡರು, ಅವರಲ್ಲಿ ಎಷ್ಟೋ ಶಾಲಾ ಮಕ್ಕಳು. ಆ ಸುದ್ದಿ ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ. ಮಕ್ಕಳ ಟ್ರಯಾಜ್ ಅನ್ನು ಬೇರೆಯಾಗಿಯೇ ಕಲಿಯಬೇಕು. ಶ್ವಾಸದಾರಿ ತೆರೆದರೂ ಮಗು ಉಸಿರಾಡುತ್ತಿಲ್ಲ, ಆದರೆ ನಾಡಿ ಇದೆ ಎಂದರೆ ಕಪ್ಪು ಕಟ್ಟುವಂತಿಲ್ಲ. ಮೊದಲು ಐದು ಬಾರಿ ಉಸಿರು ಊದಬೇಕು. ಮಕ್ಕಳಲ್ಲಿ ಸಾಮಾನ್ಯವಾಗಿ ಉಸಿರು ಮೊದಲು ನಿಲ್ಲುತ್ತದೆ, ಹೃದಯ ಆಮೇಲೆ. ನಡುವಿನ ಆ ಕೆಲವು ನಿಮಿಷಗಳಲ್ಲಿ ಊದಿದ ಉಸಿರು ಮಗುವನ್ನು ವಾಪಸ್ ತರಬಹುದು.

ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಮಾರಮ್ಮನ ಗುಡಿಯ ಪ್ರಸಾದಕ್ಕೆ ಕೀಟನಾಶಕ ಬೆರೆಸಲಾಗಿತ್ತು. ತಿಂದ ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು, 17 ಜನ ತೀರಿಕೊಂಡರು. ಅನೇಕರನ್ನು ಮೈಸೂರಿನ ಆಸ್ಪತ್ರೆಗಳಿಗೆ ತಂದರು. ವಿಷ ಮಾನೋಕ್ರೋಟೋಫಾಸ್, ಅಂದರೆ ಆರ್ಗನೋಫಾಸ್ಫರಸ್ ಎಂಬ ಗುಂಪಿನ ಕೀಟನಾಶಕ. ಇಲ್ಲಿ ಸ್ಟಾರ್ಟ್ ಒಂದನ್ನೇ ನಂಬಿದರೆ ಎಡವುತ್ತೇವೆ. ತಿಂದವರು ಮೊದಮೊದಲು ನಡೆದಾಡುತ್ತಾರೆ, ಹಸಿರು ಟ್ಯಾಗ್ ಸಿಗುತ್ತದೆ. ಸ್ವಲ್ಪ ಹೊತ್ತಿಗೆ ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ವಾಂತಿ, ಸಾಸಿವೆಯಷ್ಟಾದ ಕಣ್ಣಪಾಪೆ, ಎದೆಯಲ್ಲಿ ಗೊರಗೊರ. ಹಾಗಾಗಿ ಕಾರಣ ವಿಷವೆಂದು ಗೊತ್ತಾದ ಕೂಡಲೇ ಹಸಿರಿನವರನ್ನೂ ಮತ್ತೆ ಮತ್ತೆ ನೋಡಬೇಕು.

ಔಷಧದ ಲೆಕ್ಕ ನೀವೇ ಒಮ್ಮೆ ಬರೆದು ನೋಡಿ. ಈ ವಿಷಕ್ಕೆ ಕೊಡುವ ಪ್ರತಿವಿಷ ಆಟ್ರೋಪಿನ್ 3 ಮಿ.ಗ್ರಾಂ ಕೊಟ್ಟು, ಸಾಲದಿದ್ದರೆ ಐದೈದು ನಿಮಿಷಕ್ಕೆ ಇಮ್ಮಡಿ ಮಾಡುತ್ತ ಹೋದರೆ 3, 6, 12. ಮೂರೇ ಸಲಕ್ಕೆ 21 ಮಿ.ಗ್ರಾಂ. 0.6 ಮಿ.ಗ್ರಾಂನ ಆಂಪ್ಯೂಲ್‌ಗಳಾದರೆ (ಔಷಧದ ಪುಟ್ಟ ಗಾಜಿನ ಸೀಸೆ) 35 ಬೇಕು. ಅದೂ ಒಬ್ಬ ರೋಗಿಗೆ, ಹತ್ತು ನಿಮಿಷದಲ್ಲಿ! ಆಂಪ್ಯೂಲ್ ಕತ್ತು ಮುರಿದು ಸಿರಿಂಜಿಗೆ ಎಳೆಯುವುದಕ್ಕೇ ಒಬ್ಬರನ್ನು ನಿಲ್ಲಿಸಬೇಕಾಗುತ್ತದೆ. ಇಮ್ಮಡಿ ಮಾಡುವುದನ್ನು ನಿಲ್ಲಿಸಲು ನೋಡಬೇಕಾದದ್ದು ಕಣ್ಣಪಾಪೆಯನ್ನಲ್ಲ. ಎದೆಯ ಗೊರಗೊರ ಹೋಗಿರಬೇಕು, ನಾಡಿ 80 ದಾಟಿರಬೇಕು, ರಕ್ತದೊತ್ತಡ ಕುಸಿಯದೆ ಸ್ಥಿರವಾಗಿರಬೇಕು.

ರೋಗಿಯ ಸ್ಥಿತಿ ಹೀಗೆ ಸ್ವಲ್ಪ ಹೊತ್ತಿಗೇ ಬದಲಾಗುತ್ತದೆ. ಟ್ಯಾಗ್ ಮೇಲೆ ಸಮಯ ಬರೆಯಿರಿ ಎಂದು ನಾನು ಪದೇ ಪದೇ ಹೇಳುವುದು ಇದಕ್ಕೇ. ಅಣಕು ಪ್ರದರ್ಶನವೊಂದರಲ್ಲಿ ನಾನು ಕಟ್ಟಿದ ಹಳದಿ ಟ್ಯಾಗ್‌ನಲ್ಲಿ ಸಮಯ ಇರಲಿಲ್ಲ. "ಇದು ಐದು ನಿಮಿಷದ ಹಿಂದಿನ ಹಳದಿಯೋ, ಒಂದು ಗಂಟೆಯದೋ?" ಎಂದು ನಮ್ಮ ಸಿಸ್ಟರ್ ಕೇಳಿದಾಗ ಉತ್ತರ ಹೊಳೆಯಲಿಲ್ಲ.

ವಾರ್ಡಿಗೆ ಹೋದ ಮೇಲೂ ಕೆಲಸ ಮುಗಿಯುವುದಿಲ್ಲ. ಈ ವಿಷ ತಿಂದ ಒಂದರಿಂದ ನಾಲ್ಕು ದಿನಗಳೊಳಗೆ ಕೆಲವರಿಗೆ ಸ್ನಾಯುಗಳು ಸೋತು ಉಸಿರಾಟ ಕುಸಿಯುತ್ತದೆ. ಇದಕ್ಕೆ ಇಂಟರ್‌ಮೀಡಿಯೆಟ್ ಸಿಂಡ್ರೋಮ್ ಎಂದು ಹೆಸರು. ಕಂಡುಹಿಡಿಯಲು ಯಂತ್ರ ಬೇಡ. ಹಾಸಿಗೆ ಪಕ್ಕ ನಿಂತು "ಅಮ್ಮಾ, ದಿಂಬಿನಿಂದ ತಲೆ ಸ್ವಲ್ಪ ಎತ್ತಿ" ಎನ್ನಿ. ಮಾತನಾಡುತ್ತಿದ್ದರೂ ತಲೆ ಎತ್ತಲಾಗದಿದ್ದರೆ ಆಗಲೇ ಹಿರಿಯ ವೈದ್ಯರನ್ನು ಕರೆದು, ವೆಂಟಿಲೇಟರ್ ಇರುವ ಕಡೆಗೆ ಹಾಸಿಗೆ ಸಾಗಿಸಿ.