ಸ್ವಲೀನತೆ: ಆ ‘ಸ್ವ’ ಎಲ್ಲಿಂದ ಬಂತು?

ಏಪ್ರಿಲ್ 2, ಅಂದರೆ ವಿಶ್ವ ಆಟಿಸಂ (ಸ್ವಲೀನತೆ) ಜಾಗೃತಿ ದಿನ ಬಂದರೆ ಸಾಕು, ‘ಸ್ವಲೀನತೆಯ ಮಕ್ಕಳು ತಮ್ಮದೇ ಲೋಕದಲ್ಲಿ ಮುಳುಗಿರುತ್ತಾರೆ’ ಅನ್ನೋ ಸಾಲು ಎಲ್ಲ ಕಡೆ ಓಡಾಡುತ್ತದೆ. ಈ ಸಲ ಶಿಕ್ಷಕರಿಗೆಂದೇ ಮಾಡಿದ ಒಂದು ಕೈಪಿಡಿಯಲ್ಲೂ ಅದನ್ನೇ ಕಂಡೆ. ಇಷ್ಟು ದಿನ ಸುಮ್ಮನಿದ್ದೆ, ಇನ್ನು ಹೇಳಲೇಬೇಕು.

ಸ್ವ ಅಂದರೆ ತಾನು, ಲೀನ ಅಂದರೆ ಕರಗಿಹೋದ. ತನ್ನೊಳಗೇ ಕರಗಿಹೋದವರು ಸ್ವಲೀನರು. ಇದನ್ನು ಆಟಿಸಂ ಪದ ನೋಡಿಯೇ ಕಟ್ಟಿದ್ದು. ಗ್ರೀಕಿನ ‘ಆಟೋಸ್’ ಅಂದರೂ ತಾನು ಅಂತಲೇ. ಆದರೆ ಆಟಿಸಂ ಪದ ಹುಟ್ಟಿದ್ದು ಮಕ್ಕಳಿಗಾಗಿ ಅಲ್ಲವೇ ಅಲ್ಲ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಜೆನ್ ಬ್ಲಾಯ್ಲರ್ 1910ರ ಹೊತ್ತಿಗೆ ಸ್ಕಿಜೋಫ್ರೇನಿಯಾ ಅನ್ನೋ ಮನೋರೋಗದ ಒಂದು ಲಕ್ಷಣಕ್ಕೆ ಆ ಹೆಸರಿಟ್ಟರು. ಹೊರಲೋಕ ಬಿಟ್ಟು ಒಳಗೆ ಸರಿಯುವುದು ಅಂತ ಅವರ ಅರ್ಥ. 1943ರಲ್ಲಿ ಅಮೆರಿಕದಲ್ಲಿ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಬರೆಯುವಾಗ ಅದೇ ಪದ ಎತ್ತಿಕೊಂಡರು. ಸ್ಕಿಜೋಫ್ರೇನಿಯಾದ ನಂಟು ಆಮೇಲೆ ಕಳಚಿತು, ಹೆಸರು ಉಳಿಯಿತು. ನಾವು ಆ ಹಳೇ ಅರ್ಥವನ್ನೇ ಕನ್ನಡಕ್ಕೆ ಹೊತ್ತು ತಂದೆವು.

ನಮ್ಮಲ್ಲೇ ‘ತಲ್ಲೀನ’ ಅಂತ ಇನ್ನೊಂದು ಪದ ಇದೆ, ಅಲ್ವಾ? ತತ್, ಲೀನ: ಅದರಲ್ಲಿ ಕರಗಿದ. ಫ್ಯಾನ್ ತಿರುಗುವುದನ್ನು ಅರ್ಧ ಗಂಟೆ ನೋಡುವ ಮಗು ಮುಳುಗಿರುವುದು ಫ್ಯಾನಿನಲ್ಲಿ. ಮೆಜೆಸ್ಟಿಕ್‌ನಿಂದ ಕಾಡುಗೋಡಿಗೆ ಹೋಗುವ 335ಇ ಬಸ್ಸಿನ ಸ್ಟಾಪುಗಳನ್ನೆಲ್ಲ ಒಪ್ಪಿಸುವ ಹುಡುಗಿ ಮುಳುಗಿರುವುದು ಬಸ್ಸಿನಲ್ಲಿ. ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿಕೊಂಡು ಕಿರುಚುವ ಮಗುವಿಗಂತೂ ಹೊರಲೋಕ ಜಾಸ್ತಿಯೇ ತಟ್ಟುತ್ತಿದೆ.

ಹೆಸರನ್ನು ನಂಬಿದವರು ಮೂಲೆಯಲ್ಲಿ ಒಂಟಿಯಾಗಿ ಕೂತ ಮಗುವನ್ನೇ ಹುಡುಕುತ್ತಾರೆ. ಬಸ್ಸಿನ ಬಗ್ಗೆ ಎಡೆಬಿಡದೆ ಮಾತಾಡುವ ಹುಡುಗಿ ‘ಚೂಟಿ’ ಅನ್ನಿಸಿಕೊಂಡು, ತಜ್ಞರ ಅಸೆಸ್‌ಮೆಂಟ್ (ಪರೀಕ್ಷೆ) ಇಲ್ಲದೆಯೇ ದೊಡ್ಡವಳಾಗುತ್ತಾಳೆ. ಎಡಿಎಚ್‌ಡಿ, ಅಂದರೆ ‘ಗಮನದ ಕೊರತೆ, ಅತಿ ಚಟುವಟಿಕೆ’ ಅಂತ ಹೆಸರಿಟ್ಟ ಸ್ಥಿತಿಯ ವಿಷಯದಲ್ಲೂ ಇಂಥದ್ದೇ ತಪ್ಪು. ‘ಎರಡು ಗಂಟೆ ಕೂತು ಚಿತ್ರ ಬರೀತಾನೆ, ಅವನಿಗೆಂಥ ಎಡಿಎಚ್‌ಡಿ?’ ಅಂತಾರೆ. ಆ ಮಕ್ಕಳಲ್ಲಿ ಗಮನ ಇರುತ್ತದೆ. ಬೇಕಾದಾಗ ಬೇಕಾದ ಕಡೆ ಅದನ್ನು ತಿರುಗಿಸುವುದೇ ಕಷ್ಟ. ಆಟಿಸಂ, ಎಡಿಎಚ್‌ಡಿ ಎರಡೂ ಒಂದೇ ಮಗುವಿಗೆ ಇರಬಹುದು. 2013ರಲ್ಲಿ ಡಿಎಸ್‌ಎಂ-5 ಬರುವ ತನಕ ಮನೋವೈದ್ಯರು ಬಳಸುವ ಆ ಅಮೆರಿಕನ್ ಕೈಪಿಡಿಯ ಪ್ರಕಾರ ಒಂದೇ ಮಗುವಿಗೆ ಎರಡನ್ನೂ ಒಟ್ಟಿಗೆ ಬರೆಯುವಂತಿರಲಿಲ್ಲ.

ಅಸೆಸ್‌ಮೆಂಟಿಗೆ ನಿಮ್ಹಾನ್ಸ್‌ಗೋ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ಹೋಗುವ ಅಪ್ಪ ಅಮ್ಮಂದಿರೇ, ‘ತನ್ನ ಪಾಡಿಗೆ ಇರ್ತಾನೆ’ ಅಂತಷ್ಟೇ ಹೇಳಿ ಬರಬೇಡಿ. ಮಗು ಯಾವುದರಲ್ಲಿ ತಲ್ಲೀನ, ಎಷ್ಟು ಹೊತ್ತು, ನಡುವೆ ಎಬ್ಬಿಸಿದರೆ ಏನಾಗುತ್ತದೆ, ಯಾವ ಸದ್ದು ಆಗಲ್ಲ, ಎಲ್ಲ ಬರೆದುಕೊಂಡು ಹೋಗಿ. ಆಟಿಸಂ ಎಷ್ಟಿದೆ ಅಂತ ಅಳೆಯುವ ಐಎಸ್‌ಎಎ ಅನ್ನೋ ನಮ್ಮ ದೇಶದ ಅಳತೆಯಲ್ಲಿ 40 ಅಂಶಗಳಿವೆ. ಅದರ ಒಟ್ಟು ಅಂಕ ಆಟಿಸಂನ ಅಂಗವೈಕಲ್ಯ ಸರ್ಟಿಫಿಕೇಟಿಗೆ ಬೇಕು. ನಾಳೆ ಕ್ಲಾಸಿನಲ್ಲಿ ಏನು ಮಾಡಬೇಕು ಅನ್ನೋದಕ್ಕೆ ನಿಮ್ಮ ಆ ಚೀಟಿ ಬೇಕು. ಬಸ್ಸಿನ ಹುಡುಗಿಗೆ ಕಳೆಯುವ ಲೆಕ್ಕವನ್ನು ‘ಕಾಡುಗೋಡಿಗೆ ಇನ್ನೆಷ್ಟು ಸ್ಟಾಪ್ ಉಳಿಯಿತು?’ ಅಂತಲೇ ಶುರು ಮಾಡಬಹುದು.