‘ನಾನು ಬಂದ ಬಸ್ಸು’ ಇಂಗ್ಲಿಷಿಗೆ ಬಂದಾಗ: ಹೂ, ವಿಚ್, ಆಲ್‌ದೋ

ಇಂಗ್ಲಿಷಿನಲ್ಲಿ ಎರಡು ವಾಕ್ಯ ಒಂದು ಮಾಡುವಾಗ ‘ಹೂ’ (who) ಮನುಷ್ಯರಿಗೆ, ‘ವಿಚ್’ (which) ವಸ್ತು-ಪ್ರಾಣಿಗಳಿಗೆ, ‘ದ್ಯಾಟ್’ (that) ಎರಡಕ್ಕೂ. ಇಷ್ಟು ಎಲ್ಲರಿಗೂ ಗೊತ್ತಿರೋದೇ. ನನ್ನನ್ನು ಎರಡು ವಾರ ಕಾಡಿದ್ದು ಒಂದೇ ವಾಕ್ಯ: ‘ನಾನು ಬಂದ ಬಸ್ಸು ಹಗರೆ ಹತ್ತಿರ ಕೆಟ್ಟು ನಿಂತಿತು.’

ಬೇಲೂರಿಂದ ಹಾಸನಕ್ಕೆ ದಿನಾ ಇಂಗ್ಲಿಷ್ ಕ್ಲಾಸಿಗೆ ಬರೋಳು ನಾನು. ಹಾಗಾಗಿ ಸಲೀಸಾಗಿ ಬರೆದೆ: ‘ದ ಬಸ್ ವಿಚ್ ಐ ಕೇಮ್ ಬ್ರೋಕ್ ಡೌನ್ ನಿಯರ್ ಹಗರೆ.’ ಮೇಡಂ ಕೆಂಪು ಗೆರೆ ಎಳೆದು ‘ಇನ್ ಎಲ್ಲಿ ಹೋಯ್ತು?’ ಅಂದರು.

ಅದು ಹೋಗಿದ್ದು ಕನ್ನಡದಲ್ಲೇ. ನಾನು ಬಂದ ಬಸ್ಸು, ನಾನು ಬಂದ ದಾರಿ, ನಾನು ಬಂದ ದಿನ, ನಾನು ಬಂದ ಉದ್ದೇಶ – ನಾಲ್ಕಕ್ಕೂ ಒಂದೇ ‘ಬಂದ’. ಬಸ್ಸಿನಲ್ಲಿ, ದಾರಿಯಲ್ಲಿ, ದಿನದಂದು, ಉದ್ದೇಶಕ್ಕೆ ಅನ್ನೋ ವಿಭಕ್ತಿಗಳೆಲ್ಲ ಬಿಟ್ಟುಹೋಗುತ್ತವೆ, ನಮಗೆ ಅರ್ಥ ಮಾತ್ರ ಕೆಡೋದಿಲ್ಲ. ಇಂಗ್ಲಿಷ್ ವಿಚ್ ಬರೆದರೆ ಆ ವಿಭಕ್ತಿಯನ್ನೂ ಕೇಳುತ್ತದೆ.

ನಾನೀಗ ಮಾಡೋದು ಹೀಗೆ. ಮೊದಲು ವಾಕ್ಯ ಒಡೀತೀನಿ: ‘ದ ಬಸ್ ಬ್ರೋಕ್ ಡೌನ್. ಐ ಕೇಮ್ ಇನ್ ಇಟ್.’ ಆಮೇಲೆ ‘ಇಟ್’ ಅಳಿಸಿ, ಅದರ ಬದಲು ‘ವಿಚ್’ ತಂದು ಬಸ್ಸಿನ ಪಕ್ಕದಲ್ಲಿ ಕೂರಿಸ್ತೀನಿ. ‘ಇನ್’ ಅದರ ಜೊತೆಗೇ ಬರಬಹುದು: ‘ದ ಬಸ್ ಇನ್ ವಿಚ್ ಐ ಕೇಮ್’. ಇದ್ದಲ್ಲೇ ಉಳೀಬಹುದು: ‘ದ ಬಸ್ ವಿಚ್ ಐ ಕೇಮ್ ಇನ್’. ಎರಡೂ ಸರಿ. ‘ವಿಚ್ ಐ ಕೇಮ್ ಇನ್ ಇಟ್’ ಮಾತ್ರ ತಪ್ಪು, ಇಟ್‌ನ ಜಾಗಕ್ಕೆ ವಿಚ್ ಆಗಲೇ ಬಂದಾಗಿದೆ. ಹೀಗೇ ‘ನಾನು ಕಾಫಿ ಕುಡಿದ ಲೋಟ’ ಒಡೆದು ನೋಡಿ, ಕಳೆದುಹೋಗಿದ್ದ ‘ಫ್ರಮ್’ ಕೈಗೆ ಸಿಗುತ್ತದೆ.

ಹೂ–ಹೂಮ್ (who–whom) ಗೊಂದಲವೂ ಇದೇ ಒಡೆಯೋ ಕೆಲಸದಿಂದ ಬಿಡಿಸಿಕೊಂಡಿತು. ‘ನನ್ನನ್ನು ನೋಡಿದ ಹುಡುಗ’: ಹಿ ಸಾ ಮಿ, ಆದ್ದರಿಂದ ಹೂ. ‘ನಾನು ನೋಡಿದ ಹುಡುಗ’: ಐ ಸಾ ಹಿಮ್, ಆದ್ದರಿಂದ ಹೂಮ್. ಹಿಮ್, ಹೂಮ್ – ಎರಡರ ಕೊನೆಗೂ ‘ಮ್’. ಮಾತಿನಲ್ಲಿ ಇಲ್ಲೂ ‘ಹೂ’ ಅನ್ನೋದೇ ಹೆಚ್ಚು, ಪರೀಕ್ಷೆಯಲ್ಲಿ ಹೂಮ್ ಬರೆಯೋದೇ ಕ್ಷೇಮ.

ಅಲ್ಪವಿರಾಮದ ವಿಷಯ ಚಿಕ್ಕದು. ‘ಮುಳ್ಳಯ್ಯನಗಿರಿ, ವಿಚ್ ಈಸ್ ಇನ್ ಚಿಕ್ಕಮಗಳೂರು, ಈಸ್ 1930 ಮೀಟರ್ಸ್ ಹೈ.’ ಯಾವ ಬೆಟ್ಟ ಅಂತ ಹೆಸರೇ ಹೇಳಿಬಿಟ್ಟಿದೆ, ಮಧ್ಯದ್ದು ಹೆಚ್ಚಿನ ಮಾಹಿತಿ. ಅಲ್ಲಿ ಅಲ್ಪವಿರಾಮ ಬೇಕು, ದ್ಯಾಟ್ ಹಾಕಬಾರದು. ‘ದ ಟೆಂಪಲ್ ದ್ಯಾಟ್ ವಿಷ್ಣುವರ್ಧನ ಬಿಲ್ಟ್ ಈಸ್ ಇನ್ ಬೇಲೂರು’ ಅನ್ನುವಾಗ ಯಾವ ಗುಡಿ ಅಂತ ಗುರುತಿಸೋದೇ ಆ ಭಾಗ. ಅಲ್ಲಿ ಅಲ್ಪವಿರಾಮ ಇಲ್ಲ.

ಇನ್ನು ಆಲ್‌ದೋ (although), ಅಂದರೆ ನಮ್ಮ ‘ಆದರೂ’. ‘ಮಳೆ ಬಂದರೂ ಕಾಫಿ ಕೊಯ್ಲು ನಿಲ್ಲಲಿಲ್ಲ.’ ಇಲ್ಲಿ ‘ರೂ’ ಇರೋದು ಎರಡು ಮಾತು ಸೇರೋ ಜಾಗದಲ್ಲೇ. ಇಂಗ್ಲಿಷಿನಲ್ಲಿ ಆಲ್‌ದೋ ವಾಕ್ಯದ ಶುರುವಿಗೆ ಹೋಗಿಬಿಡುತ್ತದೆ. ಸೇರೋ ಜಾಗ ಖಾಲಿ ಕಾಣುತ್ತದೆ, ಕೈ ತಾನಾಗಿ ಅಲ್ಲಿ ‘ಬಟ್’ ಬರೀತದೆ. ನನ್ನ ನೋಟ್‌ಬುಕ್ಕಿನಲ್ಲಿ ಈ ತಪ್ಪು ಎಷ್ಟು ಸಲ ಇದೆಯೋ! ಆ ಜಾಗಕ್ಕೆ ಅಲ್ಪವಿರಾಮ ಸಾಕು: ‘ಆಲ್‌ದೋ ಇಟ್ ರೇನ್ಡ್, ದ ಪಿಕಿಂಗ್ ಡಿಡ್ ನಾಟ್ ಸ್ಟಾಪ್.’ ಬಟ್ ಬೇಕೇ ಬೇಕು ಅನಿಸಿದರೆ ಆಲ್‌ದೋ ತೆಗೀಬೇಕು. ‘ಮಳೆ ಬಂದಿದ್ದರಿಂದ’ ಅನ್ನೋದರ ‘ಇಂದ’ವೂ ಹೀಗೇ: ಬಿಕಾಸ್‌ನಿಂದ ಶುರು ಮಾಡಿದ ವಾಕ್ಯದ ನಡುವೆ ‘ಸೋ’ ಬರಬಾರದು.